ನಿಮ್ಮ ಏರಿಯಾದ ಮಕ್ಕಳ ಕ್ಲಬ್ ದೊಡ್ಡ ಕ್ಲಬ್‌ಗೆ ಸೇರುತ್ತಿದೆಯಾ? ಕೈ ಎತ್ತುವ ಮುಂಚೆ ಇಷ್ಟು ನೋಡಿ

ಸಾಮಾನ್ಯವಾಗಿ ಸುದ್ದಿ ಬರುವುದು ವಾಟ್ಸಾಪ್‌ನಲ್ಲಿ. "ಪೋಷಕರೇ, ನಮ್ಮ ಕ್ಲಬ್ ಇನ್ನು ಮುಂದೆ ನಗರದ ದೊಡ್ಡ ಕ್ಲಬ್ ಜೊತೆ ಒಂದಾಗುತ್ತಿದೆ. ಮಕ್ಕಳಿಗೆ ಇದು ಒಳ್ಳೆಯ ಅವಕಾಶ." ಕೆಳಗೆ ಸಾಲು ಸಾಲು ಚಪ್ಪಾಳೆ. ಆಮೇಲೆ ಯಾರೋ ಒಬ್ಬ ತಾಯಿ ಕೇಳುತ್ತಾರೆ: "ಗ್ರೌಂಡ್ ಇದೇ ಇರುತ್ತಾ ಸರ್?" ಅದಕ್ಕೆ ಉತ್ತರ ಬರುವುದಿಲ್ಲ.

ಇಂಥ ವಿಷಯ ಬಂದಾಗ ಜಗಳ ನಡೆಯುವುದು ಹೆಸರಿನ ಬಗ್ಗೆ, ಜೆರ್ಸಿಯ ಬಣ್ಣದ ಬಗ್ಗೆ, ಹಳೇ ಅಧ್ಯಕ್ಷರ ಮರ್ಯಾದೆಯ ಬಗ್ಗೆ. ಮಕ್ಕಳಿಗೆ ನಿಜವಾಗಿ ತಟ್ಟುವುದು ಬೇರೆಯೇ. ಗ್ರೌಂಡ್ ಎಲ್ಲಿ, ಆಡುವ ಚಾನ್ಸ್ ಎಷ್ಟು, ಫೀಸು ಎಷ್ಟು, ಕೋಚ್ ಯಾರು. ಈ ನಾಲ್ಕಕ್ಕೆ ಬರಹದಲ್ಲಿ ಉತ್ತರ ಸಿಗುವ ತನಕ ಯಾರೂ ಒಪ್ಪಬಾರದು ಅನ್ನುವುದು ನನ್ನ ಅಭಿಪ್ರಾಯ. ಒಂದಾಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಣ್ಣ ಕ್ಲಬ್‌ಗಳು ಒಬ್ಬಿಬ್ಬರ ಹೆಗಲ ಮೇಲೆ ನಡೆಯುತ್ತಿರುತ್ತವೆ. ಅವರಿಗೆ ವಯಸ್ಸಾದರೆ ಬಾಗಿಲು ಹಾಕುವುದೊಂದೇ ದಾರಿ. ಅಂಥ ಕಡೆ ದೊಡ್ಡವರ ಜೊತೆ ಸೇರುವುದು ಒಳ್ಳೆಯದೇ. ಆದರೆ ಏನು ಕೊಟ್ಟು ಏನು ಪಡೆಯುತ್ತಿದ್ದೇವೆ ಅಂತ ಮೊದಲೇ ಗೊತ್ತಿರಬೇಕು.

ಇಲ್ಲಿ ಹೆಚ್ಚಾಗಿ ಬೆಂಗಳೂರಿನ ಫುಟ್‌ಬಾಲ್ ಕ್ಲಬ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಂಥ ಕಡೆ ಬೀದಿಬೀದಿಗೂ ಕ್ಲಬ್ ಕಟ್ಟಿದ ಇತಿಹಾಸ ಇದೆ. ಕ್ರಿಕೆಟ್, ಕಬಡ್ಡಿ, ಹಾಕಿ, ಖೋಖೋ ಸಂಘಗಳಿಗೂ ಬಹುಪಾಲು ಇದೇ ಲೆಕ್ಕ.

ಹೆಜ್ಜೆ 1: ಒಂದಾಗುವುದು ಯಾವ ರೀತಿ ಅಂತ ತಿಳಿದುಕೊಳ್ಳಿ

"ಮರ್ಜ್ ಆಗ್ತಿದೀವಿ" ಅಂತ ಹೇಳುವವರಲ್ಲಿ ಅರ್ಧ ಜನಕ್ಕೆ ತಾವು ಏನು ಮಾಡುತ್ತಿದ್ದೇವೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ. ನಡೆಯುವುದು ನಾಲ್ಕು ಬಗೆಯಲ್ಲಿ.

ಮೊದಲನೆಯದು, ನೋಂದಣಿಯಾದ ಎರಡು ಸಂಘಗಳು ಕಾನೂನು ಪ್ರಕಾರ ಒಂದೇ ಸಂಘ ಆಗುವುದು. ಹಳೆಯದರ ಆಸ್ತಿ, ಸಾಲ, ಸದಸ್ಯರು ಎಲ್ಲವೂ ಹೊಸದಕ್ಕೆ ಹೋಗುತ್ತವೆ. ಎರಡನೆಯದು, ಸಂಘ ಹಾಗೇ ಇರುತ್ತದೆ, ಆದರೆ ಕಾರ್ಯಕಾರಿ ಸಮಿತಿಯಲ್ಲಿ ಹಳಬರು ರಾಜೀನಾಮೆ ಕೊಟ್ಟು ದೊಡ್ಡ ಕ್ಲಬ್‌ನವರು ಬಂದು ಕೂರುತ್ತಾರೆ. ಬೋರ್ಡ್ ಹಳೆಯದು, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. ಮೂರನೆಯದು ಬರೀ ಒಡಂಬಡಿಕೆ. ಅವರ ಕೋಚ್, ಅವರ ಕಿಟ್, ನಮ್ಮ ಗ್ರೌಂಡ್, ನಮ್ಮ ಮಕ್ಕಳು. ಬೇಡ ಅನಿಸಿದರೆ ಬಿಡಬಹುದು. ನಾಲ್ಕನೆಯದು, ಸಂಘವನ್ನು ಮುಚ್ಚಿ ಮಕ್ಕಳನ್ನೆಲ್ಲ ಆ ಕಡೆ ಕಳಿಸುವುದು.

ದೊಡ್ಡ ಕ್ಲಬ್ ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ಇನ್ನೂ ಹುಷಾರಾಗಿರಿ. ನೋಂದಾಯಿತ ಸಂಘವೊಂದು ಕಂಪನಿಯ ಜೊತೆ ಸುಮ್ನೆ ಕೈಕುಲುಕಿ ಒಂದಾಗಲು ಆಗುವುದಿಲ್ಲ. ಹಾಗೆ ಹೇಳುತ್ತಿದ್ದರೆ ಒಳಗೆ ನಡೆಯುತ್ತಿರುವುದು ಎರಡನೇ ಅಥವಾ ನಾಲ್ಕನೇ ಬಗೆ ಅಂತಲೇ ಇಟ್ಟುಕೊಳ್ಳಿ. ಸಂಘ ಮುಚ್ಚಿದರೆ ಸಾಲಬಾಕಿ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಇದು ಕಾನೂನು. ಹಾಗಾದರೆ ಬ್ಯಾಂಕಿನಲ್ಲಿರುವ ಠೇವಣಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಇನ್ನೊಂದು ಮಾತು. ಸಂಘಕ್ಕೆ ಆದಾಯ ತೆರಿಗೆಯಲ್ಲಿ ದತ್ತಿ ಸಂಸ್ಥೆ ಅಂತ ನೋಂದಣಿ ಇದ್ದು, ಅದು ದತ್ತಿಯಲ್ಲದ ಸಂಸ್ಥೆಗೆ ಸೇರಿಹೋದರೆ, ಸಂಘದ ಆಸ್ತಿಯ ಮೇಲೇ ತೆರಿಗೆ ಬೀಳುವ ನಿಯಮ 2016ರಲ್ಲಿ ಬಂದಿದೆ. ಸಣ್ಣ ಕ್ಲಬ್‌ಗೆ ಸ್ವಂತ ಜಾಗವೋ ಕಟ್ಟಡವೋ ಇದ್ದರೆ ಇದು ಸಣ್ಣ ಮೊತ್ತ ಆಗುವುದಿಲ್ಲ. ಸಹಿ ಹಾಕುವ ಮುಂಚೆ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಅರ್ಧ ಗಂಟೆ ಕೂತರೆ ಸಾಕು.

ಹೆಜ್ಜೆ 2: ಮತ ಯಾರದ್ದು ಅಂತ ನೋಡಿ

ಪೋಷಕರು ಎಡವುವುದೇ ಇಲ್ಲಿ. ವರ್ಷಗಟ್ಟಲೆ ಫೀಸು ಕಟ್ಟಿರುತ್ತೀರಿ, ಟೂರ್ನಮೆಂಟ್ ದಿನ ಬಾಳೆಹಣ್ಣು, ಗ್ಲೂಕೋಸ್ ಹೊತ್ತುಕೊಂಡು ಹೋಗಿರುತ್ತೀರಿ. ಕ್ಲಬ್ ನಿಮ್ಮದು ಅನ್ನಿಸಿರುತ್ತದೆ. ಕಾಗದದಲ್ಲಿ ಮಾತ್ರ ನೀವು ಯಾರೂ ಅಲ್ಲ.

ಕರ್ನಾಟಕದಲ್ಲಿ ಯುವಕ ಸಂಘ, ಕ್ರೀಡಾ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ. ಏಳು ಜನ ಸೇರಿದರೆ ಸಂಘ ಮಾಡಬಹುದು. ಎಷ್ಟೋ ಕ್ಲಬ್‌ಗಳಲ್ಲಿ ಮತ ಇರುವ ಸದಸ್ಯರು ಅಂದರೆ ಶುರು ಮಾಡಿದ ಅದೇ ಗೆಳೆಯರ ಗುಂಪು, ಆಮೇಲೆ ಸೇರಿಕೊಂಡ ಒಂದಷ್ಟು ಜನ. ಅವರಲ್ಲಿ ಕೆಲವರು ಏರಿಯಾ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿದೆ. ಇನ್ನೂರು ಮಕ್ಕಳು ಆಡುವ ಕ್ಲಬ್‌ನ ಹಣೆಬರಹ ಇಪ್ಪತ್ತು ಜನರ ಕೈಯಲ್ಲಿರಬಹುದು.

ಹಾಗಾಗಿ ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆಸಿ ಓದಿ. ಸದಸ್ಯರಾಗಲು ಎಷ್ಟು ಶುಲ್ಕ, ಅರ್ಜಿ ಯಾರಿಗೆ, ಸದಸ್ಯರಾದ ಎಷ್ಟು ದಿನಕ್ಕೆ ಮತದ ಹಕ್ಕು ಬರುತ್ತದೆ ಅಂತ ನೋಡಿ. ಸದಸ್ಯತ್ವ ತೆರೆದಿದ್ದರೆ ನಾಲ್ಕೈದು ಪೋಷಕರು ಇವತ್ತೇ ಅರ್ಜಿ ಹಾಕಿ, ರಸೀದಿ ತೆಗೆದುಕೊಳ್ಳಿ. ಶುಲ್ಕ ಬಾಕಿ ಇದ್ದವರಿಗೆ ಮತ ಇಲ್ಲ ಅನ್ನುವ ನಿಯಮ ಬಹುತೇಕ ಬೈಲಾಗಳಲ್ಲಿ ಇರುತ್ತದೆ. ಇದು ಎರಡು ಕಡೆಗೂ ಕತ್ತರಿಸುವ ನಿಯಮ. ಹಳೇ ಸದಸ್ಯರಲ್ಲಿ ಯಾರು ಬಾಕಿ ಕಟ್ಟಿಲ್ಲ ಅಂತ ಖಜಾಂಚಿಯನ್ನು ಕೇಳಿ ನೋಡಿ. ಎಷ್ಟೋ ಕಡೆ ಕಾರ್ಯದರ್ಶಿಯೇ ಆ ಪಟ್ಟಿಯಲ್ಲಿರುತ್ತಾರೆ!

ಸದಸ್ಯತ್ವ ಸಿಗದಿದ್ದರೆ ಸದಸ್ಯರಲ್ಲಿ ನಿಮ್ಮ ಮಾತು ಕೇಳುವ ಒಬ್ಬಿಬ್ಬರನ್ನು ಹುಡುಕಿ. ಹಳೇ ಆಟಗಾರರು ಇದಕ್ಕೆ ಒಳ್ಳೆಯವರು. ಅವರಿಗೆ ಕ್ಲಬ್ ಮೇಲೆ ಪ್ರೀತಿಯೂ ಇರುತ್ತದೆ, ಅಧ್ಯಕ್ಷರನ್ನು "ಏನಣ್ಣಾ ಇದು?" ಅಂತ ಕೇಳುವ ಸಲುಗೆಯೂ ಇರುತ್ತದೆ.

ಹೆಜ್ಜೆ 3: ಕಾಗದ ತೆಗೆಸಿ

ಕಾರ್ಯದರ್ಶಿಗೆ ಪತ್ರ ಬರೆದು ಇವಿಷ್ಟನ್ನು ಕೇಳಿ: ಬೈಲಾ, ಸದಸ್ಯರ ಪಟ್ಟಿ, ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ, ಗ್ರೌಂಡ್‌ಗೆ ಸಿಕ್ಕ ಅನುಮತಿ ಪತ್ರ, ದೊಡ್ಡ ಕ್ಲಬ್ ಜೊತೆಗಿನ ಒಪ್ಪಂದದ ಕರಡು. ಕೊಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸಂಘಗಳು ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಗೊತ್ತಾಗುತ್ತದೆ. ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ಸಂಘದ ನೋಂದಣಿ ಸಂಖ್ಯೆ ಬೇಕಾಗುತ್ತದೆ. ಹಳೇ ರಸೀದಿ ಪುಸ್ತಕದ ಮೇಲ್ಭಾಗದಲ್ಲೋ ಲೆಟರ್‌ಹೆಡ್‌ನಲ್ಲೋ ಅದು ಅಚ್ಚಾಗಿರುತ್ತದೆ.

ವರ್ಷಗಟ್ಟಲೆ ಲೆಕ್ಕವನ್ನೇ ಸಲ್ಲಿಸಿಲ್ಲ ಅಂತ ಅಲ್ಲಿ ಗೊತ್ತಾದರೆ ಆಶ್ಚರ್ಯಪಡಬೇಡಿ. ಅದು ಸಣ್ಣ ಕ್ಲಬ್‌ಗಳ ಹಳೇ ಕಾಯಿಲೆ. ಆದರೆ ಒಂದಾಗುವ ಹೊತ್ತಿಗೆ ಅದು ದೊಡ್ಡ ತಲೆನೋವು. ಬಾಕಿ ಸಲ್ಲಿಸದೆ ಮುಂದಿನ ಯಾವ ಕಾಗದವೂ ಸಲೀಸಾಗಿ ಹೋಗುವುದಿಲ್ಲ.

ನಡಾವಳಿ ಪುಸ್ತಕವನ್ನು ಒಮ್ಮೆ ಕಣ್ಣಾರೆ ನೋಡಿ. ನಾನು ನೋಡಿದ ಒಂದರಲ್ಲಿ ಪುಟದ ಕೆಳಗೆ ಹದಿನಾರು ಸಹಿ ಇದ್ದವು, ಮೇಲೆ ಖಾಲಿ. ಸಭೆ ಶುರುವಾಗುವ ಮುಂಚೆ ಹಾಜರಿ ಅಂತ ಸಹಿ ಹಾಕಿಸಿಕೊಂಡು, ಏನು ತೀರ್ಮಾನವಾಯಿತು ಅನ್ನುವುದನ್ನು ಆಮೇಲೆ ಬಿಡುವಾದಾಗ ಬರೆದುಕೊಳ್ಳುವ ಪದ್ಧತಿ. ಕೆಟ್ಟ ಉದ್ದೇಶ ಇರಲೇಬೇಕು ಅಂತೇನಿಲ್ಲ, ಸೋಮಾರಿತನವೂ ಇರಬಹುದು. ಆದರೆ "ಒಂದಾಗಲು ಸರ್ವಾನುಮತದಿಂದ ಒಪ್ಪಲಾಯಿತು" ಅನ್ನುವ ಸಾಲು ಅಂಥ ಖಾಲಿ ಜಾಗದಲ್ಲಿ ಬಂದು ಕೂರುವುದು ಬಹಳ ಸುಲಭ.

ಹೆಜ್ಜೆ 4: ಯಾಕೆ ಅಂತ ಕೇಳಿ, ಎರಡು ಸಲ ಕೇಳಿ

ಮೊದಲ ಸಲ ಕೇಳಿದಾಗ "ಮಕ್ಕಳ ಭವಿಷ್ಯ" ಅಂತಾರೆ. ಎರಡನೇ ಸಲ ಕೇಳಿದಾಗ ನಿಜ ಬರುತ್ತದೆ. ಗ್ರೌಂಡ್ ಬಾಡಿಗೆ ಕಟ್ಟಲು ಆಗುತ್ತಿಲ್ಲ, ಕೋಚ್‌ಗೆ ಸಂಬಳ ಕೊಟ್ಟು ತಿಂಗಳಾಯಿತು, ಓಡಾಡಲು ಯಾರೂ ಇಲ್ಲ. ಅವರನ್ನು ಬೈಯಬೇಡಿ. ಶನಿವಾರ, ಭಾನುವಾರ ಮನೆಯವರನ್ನು ಬಿಟ್ಟು ನಿಮ್ಮ ಮಕ್ಕಳ ಹಿಂದೆ ಓಡಾಡಿದವರು ಅವರೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನಿಸಿಕೊಂಡವರು.

ನಿಜವಾದ ಕಾರಣ ಗೊತ್ತಾದರೆ ಕೆಲವೊಮ್ಮೆ ಬೇರೆ ದಾರಿಯೂ ಕಾಣುತ್ತದೆ. ಜನ ಇಲ್ಲ ಅನ್ನುವುದೇ ಕಾರಣ ಆಗಿದ್ದರೆ ಇಬ್ಬರು ಪೋಷಕರು ಲೆಕ್ಕ ಬರೆಯಲು, ಒಬ್ಬರು ಲೀಗ್ ನೋಂದಣಿ ನೋಡಿಕೊಳ್ಳಲು ಮುಂದೆ ಬಂದರೆ ಕ್ಲಬ್ ಇನ್ನೊಂದಷ್ಟು ವರ್ಷ ನಡೆಯುತ್ತದೆ. ದುಡ್ಡೇ ಕಾರಣ ಆದರೆ ಒಡಂಬಡಿಕೆ ಸಾಕಾಗಬಹುದು, ಪೂರ್ತಿ ಸೇರಿಹೋಗುವ ಅಗತ್ಯ ಇಲ್ಲದಿರಬಹುದು.

ಆ ಕಡೆಯವರಿಗೆ ಏನು ಬೇಕು ಅಂತಲೂ ಯೋಚಿಸಿ. ಯಾರೂ ಪುಗಸಟ್ಟೆ ಬರುವುದಿಲ್ಲ. ಒಂದೋ ನಿಮ್ಮ ಗ್ರೌಂಡ್, ಒಂದೋ ಒಳ್ಳೆಯ ಆರೇಳು ಮಕ್ಕಳು, ಇಲ್ಲವೇ ಲೀಗ್‌ನಲ್ಲಿ ನಿಮ್ಮ ಕ್ಲಬ್‌ಗೆ ಇರುವ ಜಾಗ. ಕ್ರಿಕೆಟ್‌ನಲ್ಲಂತೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಲೀಗ್‌ನ ಡಿವಿಷನ್ ಜಾಗವೇ ಹಳೇ ಕ್ಲಬ್‌ಗಳ ದೊಡ್ಡ ಆಸ್ತಿ. ನಮ್ಮಲ್ಲಿ ಏನಿದೆ ಅಂತ ನಮಗೇ ಗೊತ್ತಿಲ್ಲದಿದ್ದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಹೆಜ್ಜೆ 5: ತಂಡದ ಲೆಕ್ಕ ಹಾಕಿ

ಈ ಹೆಜ್ಜೆಯನ್ನು ಮಾತ್ರ ಬಿಡಲೇಬೇಡಿ.

ಒಂದು ಕಾಗದ ತಗೊಳ್ಳಿ. ನಿಮ್ಮ ಕ್ಲಬ್‌ನ 13 ವರ್ಷದೊಳಗಿನ ತಂಡದಲ್ಲಿ 18 ಮಕ್ಕಳು ಇದ್ದಾರೆ ಅಂದುಕೊಳ್ಳಿ. ದೊಡ್ಡ ಕ್ಲಬ್‌ನಲ್ಲೂ 18. ಇವತ್ತು ಎರಡು ಕ್ಲಬ್, ಲೀಗ್‌ನಲ್ಲಿ ಎರಡು ತಂಡ, 22 ಮಕ್ಕಳು ಮೊದಲ ನಿಮಿಷದಿಂದ ಮೈದಾನದಲ್ಲಿ. ನಾಳೆ ಒಂದು ಕ್ಲಬ್, ಒಂದು ತಂಡ, 36 ಮಕ್ಕಳು. ಮೈದಾನದಲ್ಲಿ 11, ಬೆಂಚಿನಲ್ಲಿ 7. ಉಳಿದ 18 ಮಕ್ಕಳು ಎಲ್ಲಿ?

"ಬಿ ಟೀಮ್ ಮಾಡ್ತೀವಿ" ಅನ್ನುವುದು ಸಿದ್ಧ ಉತ್ತರ. ಆಗ ಕೇಳಿ: ಬಿ ಟೀಮ್ ಯಾವ ಲೀಗ್‌ನಲ್ಲಿ ಆಡುತ್ತದೆ? ಒಂದೇ ಕ್ಲಬ್‌ನ ಎರಡು ತಂಡಕ್ಕೆ ಆ ಲೀಗ್ ಅವಕಾಶ ಕೊಡುತ್ತದಾ? ವರ್ಷಕ್ಕೆ ಎಷ್ಟು ಮ್ಯಾಚ್? ಕೋಚ್ ಯಾರು, ಎ ಟೀಮಿನವರೇನಾ ಅಥವಾ ಕಾಲೇಜು ಹುಡುಗನಾ? ಬಿ ಟೀಮ್ ಅಂತ ಹೆಸರಿಟ್ಟು ವಾರಕ್ಕೆ ಎರಡು ದಿನ ಕೋನ್ ಸುತ್ತ ಓಡಿಸಿ, ತಿಂಗಳಿಗೊಂದು ಫ್ರೆಂಡ್ಲಿ ಆಡಿಸಿ, ಫೀಸು ಮಾತ್ರ ಅಷ್ಟೇ ತಗೊಳ್ಳುವ ಕ್ಲಬ್‌ಗಳು ಇವೆ.

ಚುರುಕಾದ ನಾಲ್ಕೈದು ಮಕ್ಕಳಿಗೆ ಈ ವಿಲೀನದಿಂದ ಲಾಭ ಆಗಬಹುದು. ಜೊತೆಗೆ ಆಡುವವರು ಗಟ್ಟಿಯಾಗಿದ್ದರೆ ಆಟ ಏರುತ್ತದೆ. ಸಭೆಯಲ್ಲಿ ಜೋರಾಗಿ ಮಾತಾಡುವುದೂ ಸಾಮಾನ್ಯವಾಗಿ ಅವರ ಅಪ್ಪಂದಿರೇ. ಆದರೆ ಏರಿಯಾ ಕ್ಲಬ್ ಇರುವುದು ಹನ್ನೆರಡರಿಂದ ಹದಿನೆಂಟನೇ ನಂಬರಿನ ಮಕ್ಕಳಿಗೂ ಹೌದು. ಬೆಳೆಯುವ ವಯಸ್ಸಿನಲ್ಲಿ ಯಾರು ಯಾವಾಗ ಮುಂದೆ ಬರುತ್ತಾರೆ ಅಂತ ಹೇಳಲು ಆಗುವುದಿಲ್ಲ. ಹನ್ನೆರಡರಲ್ಲಿ ಸಣಕಲಾಗಿ ಕೊನೆಯಲ್ಲಿ ಆಡಲು ಇಳಿಯುತ್ತಿದ್ದವನು ಹದಿನಾರಕ್ಕೆ ಡಿಫೆನ್ಸ್ ಕಾಯುವ ಗೋಡೆ ಆಗಿರುತ್ತಾನೆ. ಅಷ್ಟರಲ್ಲಿ ಅವನು ಆಟ ಬಿಟ್ಟಿರಬಾರದು, ಅಷ್ಟೇ.

ಹಾಗಾಗಿ ಬೇಡಿಕೆ ಹೀಗಿರಲಿ: ಮೊದಲ ಎರಡು ಸೀಸನ್ ಈಗಿರುವ ಯಾವ ಮಗುವನ್ನೂ ಟ್ರಯಲ್ಸ್ ಹೆಸರಲ್ಲಿ ಕೈಬಿಡುವಂತಿಲ್ಲ. ಪ್ರತಿ ವಯಸ್ಸಿನ ಗುಂಪಿನಲ್ಲೂ ಎರಡು ತಂಡ, ಎರಡಕ್ಕೂ ಲೈಸೆನ್ಸ್ ಇರುವ ಕೋಚ್, ಎರಡಕ್ಕೂ ಇಷ್ಟು ಮ್ಯಾಚ್ ಅಂತ ಸಂಖ್ಯೆ. ಹುಡುಗಿಯರ ಬ್ಯಾಚ್ ಇದ್ದರೆ ಅದರ ಬಗ್ಗೆ ಪ್ರತ್ಯೇಕವಾಗಿ ಬರೆಸಿ. "ಸಂಖ್ಯೆ ಕಡಿಮೆ ಇದೆ, ಬೇರೆ ಸೆಂಟರ್‌ಗೆ ಸೇರಿಸ್ತೀವಿ" ಅನ್ನುವುದು ಮೊದಲು ಬರುವುದು ಅವರಿಗೇ.

ಹೆಜ್ಜೆ 6: ಗ್ರೌಂಡ್ ಯಾರ ಹೆಸರಲ್ಲಿದೆ?

ಪಾಲಿಕೆ ಮೈದಾನ, ಸರ್ಕಾರಿ ಶಾಲೆ ಮೈದಾನ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾಂಗಣ, ಚರ್ಚಿನ ಜಾಗ, ಯಾರೋ ದಾನಿ ಬಿಟ್ಟುಕೊಟ್ಟ ಸೈಟು. ಏರಿಯಾ ಕ್ಲಬ್‌ಗಳು ಆಡುವುದು ಇಂಥ ಕಡೆ. ಇಲ್ಲೆಲ್ಲ ಅನುಮತಿ ಸಿಕ್ಕಿರುವುದು ನಿಮ್ಮ ಸಂಘಕ್ಕೆ, ಕೆಲವೊಮ್ಮೆ ಬಾಯಿಮಾತಿನಲ್ಲಿ. ಸಂಘವೇ ಇಲ್ಲದ ಮೇಲೆ ಆ ಅನುಮತಿ ಹೊಸ ಕ್ಲಬ್‌ಗೆ ತಾನಾಗಿಯೇ ಹೋಗುತ್ತದೆ ಅಂದುಕೊಳ್ಳಬೇಡಿ. ಕೊಟ್ಟವರನ್ನೇ ಹೋಗಿ ಕೇಳಿ. ಹೆಡ್‌ಮಾಸ್ಟರ್ "ನಮ್ಮ ಏರಿಯಾ ಹುಡುಗರು ಅಂತ ಬಿಟ್ಟಿದ್ದೆ, ಕಂಪನಿಗೆ ಆದರೆ ಬಾಡಿಗೆ ಆಗುತ್ತೆ" ಅಂದರೆ ಅದು ಅವರ ಹಕ್ಕು. ಶಾಸಕರ ಅನುದಾನದಲ್ಲಿ ಕಟ್ಟಿದ ಕೊಠಡಿ, ಹಾಕಿಸಿದ ಲೈಟು ಇದ್ದರೆ ಅದನ್ನು ಖಾಸಗಿಯವರಿಗೆ ವಹಿಸುವ ಮುಂಚೆ ಅನುದಾನದ ಷರತ್ತು ಓದಬೇಕು.

ಇನ್ನೊಂದು ಅಪಾಯ ಇದಕ್ಕೆ ತದ್ವಿರುದ್ಧ. ಗ್ರೌಂಡ್ ಹೊಸಬರ ಕೈಗೆ ಹೋಗುತ್ತದೆ, ಬೆಳಿಗ್ಗೆ ಮಕ್ಕಳಿಗಿದ್ದ ಸಮಯವನ್ನು ಕಾರ್ಪೊರೇಟ್ ಟರ್ಫ್ ಬುಕಿಂಗ್‌ಗೆ ಕೊಡುತ್ತಾರೆ. ದಿನ, ಗಂಟೆ ಸಮೇತ ಬರೆಸಿಕೊಳ್ಳಿ: ಇಂಥಿಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಈ ಮೈದಾನದಲ್ಲೇ.

ದೂರದ ವಿಷಯ ನಾನು ಹೇಳಬೇಕಿಲ್ಲ, ಬೆಂಗಳೂರಿನವರಿಗೆ ಗೊತ್ತು. ನಡೆದು ಬರುತ್ತಿದ್ದ ಮಗುವನ್ನು ಸಂಜೆ ಐದಕ್ಕೆ ಹೊರವರ್ತುಲ ರಸ್ತೆ ದಾಟಿಸಿ ಕರೆದುಕೊಂಡು ಹೋಗಬೇಕು ಅಂದರೆ ಕಾರು ಇರುವ ಮನೆಯ ಮಕ್ಕಳು ಉಳಿಯುತ್ತಾರೆ. ಆಟೋ ಓಡಿಸುವವರ, ಗಾರ್ಮೆಂಟ್ಸ್‌ಗೆ ಹೋಗುವವರ ಮಕ್ಕಳು ಬಿಡುತ್ತಾರೆ. ಯಾರೂ ಅವರನ್ನು ತೆಗೆದುಹಾಕಿರುವುದಿಲ್ಲ, ಬರುವುದು ನಿಂತಿರುತ್ತದೆ ಅಷ್ಟೇ.

ಹೆಜ್ಜೆ 7: ಫೀಸು, ಜಿಎಸ್‌ಟಿ, ಕಿಟ್

ತಿಂಗಳ ಫೀಸನ್ನು ಮಾತ್ರ ಕೇಳಬೇಡಿ. ವರ್ಷದ ಮೊತ್ತ ಕೇಳಿ: ಪ್ರವೇಶ ಶುಲ್ಕ, ಕಿಟ್, ಟೂರ್ನಮೆಂಟ್ ಶುಲ್ಕ, ಪ್ರಯಾಣ, ಬೇಸಿಗೆ ಕ್ಯಾಂಪ್. ದೊಡ್ಡ ಕ್ಲಬ್‌ಗಳಲ್ಲಿ ಎರಡು ಮೂರು ಜೊತೆ ಜೆರ್ಸಿ, ಟ್ರ್ಯಾಕ್‌ಸೂಟ್, ಬ್ಯಾಗ್ ಕಡ್ಡಾಯ ಇರುತ್ತದೆ, ಅದೂ ಅವರು ಹೇಳಿದ ಕಡೆಯೇ ಕೊಳ್ಳಬೇಕು.

ಜಿಎಸ್‌ಟಿ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಆದಾಯ ತೆರಿಗೆಯಲ್ಲಿ ನೋಂದಣಿ ಇರುವ ದತ್ತಿ ಸಂಸ್ಥೆ ಆಟದ ತರಬೇತಿ ಕೊಟ್ಟರೆ ಆ ಫೀಸಿಗೆ ಜಿಎಸ್‌ಟಿ ವಿನಾಯಿತಿ ಇದೆ. ಕಂಪನಿಗೆ ಆ ವಿನಾಯಿತಿ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದ ಅಕಾಡೆಮಿ ಆದರೆ ತೆರಿಗೆ ಸೇರಿಸಿಯೇ ಬಿಲ್ ಕೊಡುತ್ತದೆ. "ಫೀಸು ಏರಿಸಲ್ಲ" ಅಂತ ಮಾತು ಕೊಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ "ತೆರಿಗೆ ಪ್ರತ್ಯೇಕ" ಅಂತ ಹಾಕಿದರೆ ಏರಿದಂತೆಯೇ ಅಲ್ವಾ?

ಈಗ ಫೀಸು ಕೊಡದೆ ಆಡುತ್ತಿರುವ ಮಕ್ಕಳಿದ್ದಾರಾ ನೋಡಿ. ಹೆಚ್ಚಿನ ಏರಿಯಾ ಕ್ಲಬ್‌ಗಳಲ್ಲಿ ಇರುತ್ತಾರೆ, ಯಾವ ರಿಜಿಸ್ಟರ್‌ನಲ್ಲೂ ಬರೆದಿರುವುದಿಲ್ಲ. ಕೋಚ್‌ಗೆ ಮಾತ್ರ ಗೊತ್ತು. ಹೊಸ ವ್ಯವಸ್ಥೆಯ ಆ್ಯಪ್‌ನಲ್ಲಿ ಫೀಸು ಕಟ್ಟದವರ ಹೆಸರು ಕೆಂಪಗೆ ಕಾಣುತ್ತದೆ, ಗೇಟಿನಲ್ಲೇ ನಿಲ್ಲಿಸುತ್ತಾರೆ. ಇಷ್ಟು ಮಕ್ಕಳಿಗೆ ಉಚಿತ ಅಂತ ಒಂದು ಸಂಖ್ಯೆ ಒಪ್ಪಂದದಲ್ಲಿ ಇರಲೇಬೇಕು.

ಹೆಜ್ಜೆ 8: ಕೋಚ್ ಮತ್ತು ಮಕ್ಕಳ ಸುರಕ್ಷತೆ

ಈಗಿನ ಕೋಚ್ ಉಳಿಯುತ್ತಾರಾ? ಎಷ್ಟು ದಿನ? ಫುಟ್‌ಬಾಲ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಡಿ ಲೈಸೆನ್ಸ್‌ನಿಂದ ಶುರುವಾಗಿ ಸಿ, ಬಿ, ಎ ಅಂತ ಮೇಲೆ ಹೋಗುತ್ತದೆ. ದೊಡ್ಡ ಕ್ಲಬ್ ಜಾಹೀರಾತಿನಲ್ಲಿ ಎ ಲೈಸೆನ್ಸ್ ಕೋಚ್ ಫೋಟೊ ಹಾಕಿರುತ್ತದೆ. ನಿಮ್ಮ ಮೈದಾನಕ್ಕೆ ದಿನಾ ಬರುವವರು ಯಾರು ಅಂತ ಹೆಸರು ಕೇಳಿ. ಹಳೇ ಕೋಚ್ ಡಿ ಲೈಸೆನ್ಸ್ ಕೂಡ ಮಾಡಿಲ್ಲದಿದ್ದರೆ, ಅದನ್ನು ಮಾಡಿಸುವ ಖರ್ಚು ಹೊಸ ಕ್ಲಬ್ ಹಾಕಲಿ ಅಂತ ಬೇಡಿಕೆ ಇಡಬಹುದು. ಇದು ನ್ಯಾಯವಾದ ಬೇಡಿಕೆ.

ಹೊಸ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯಾ, ಹೊರಊರಿನ ಟೂರ್ನಮೆಂಟ್‌ಗೆ ಹೋದಾಗ ಮಕ್ಕಳ ಜೊತೆ ಯಾರು ಉಳಿಯುತ್ತಾರೆ, ದೂರು ಯಾರಿಗೆ ಕೊಡಬೇಕು ಅನ್ನುವುದನ್ನು ಕೇಳಲು ಸಂಕೋಚ ಬೇಡ. ಸಣ್ಣ ಕ್ಲಬ್‌ನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುತ್ತಾರೆ, ದೊಡ್ಡದರಲ್ಲಿ ಆ ಕಣ್ಗಾವಲು ಇರುವುದಿಲ್ಲ. ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ 2012ರ ಪೋಕ್ಸೊ ಕಾಯ್ದೆಯಡಿ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಗ್ರೌಂಡ್‌ನ ಬೋರ್ಡಿನಲ್ಲಿ ಕಾಣುವಂತೆ ಇರಲಿ.

ಹೆಜ್ಜೆ 9: ನೋಂದಣಿ ಮತ್ತು ಬಾಂಡ್

ಫುಟ್‌ಬಾಲ್ ಆಟಗಾರರ ನೋಂದಣಿ ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ. ನಿಮ್ಮ ಮಗುವಿನ ಹೆಸರು ಅಲ್ಲಿ ಯಾವ ಕ್ಲಬ್ ಕೆಳಗಿದೆ ನೋಡಿ. ಒಂದಾದ ಮೇಲೆ ಅದನ್ನು ಯಾರು, ಯಾವಾಗ ಬದಲಿಸುತ್ತಾರೆ, ಮಗು ಬೇರೆ ಕ್ಲಬ್‌ಗೆ ಹೋಗಬೇಕಂದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಯಾರು ಕೊಡುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ. ಸೀಸನ್ ಮಧ್ಯೆ ಒಂದಾದರೆ ಎರಡೂ ಕಡೆ ಅರ್ಧಂಬರ್ಧ ಆಗಿ ಮಗು ಯಾರಿಗೂ ಆಡದೆ ಕೂರಬೇಕಾಗಬಹುದು. ಸೀಸನ್ ಮುಗಿದ ಮೇಲೆ ಮಾಡಿ ಅಂತ ಪಟ್ಟು ಹಿಡಿಯಿರಿ.

ಕೆಲವು ಕಡೆ ಈ ಸಂದರ್ಭದಲ್ಲಿ ಪೋಷಕರ ಮುಂದೆ ಹೊಸ ಫಾರಂ ಇಡುತ್ತಾರೆ. ಮೂರು ವರ್ಷ, ನಾಲ್ಕು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ದುಡ್ಡು ಕೊಡಬೇಕು. 18 ತುಂಬದವರು ಮಾಡಿದ ಕರಾರು 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ನಿಲ್ಲುವುದಿಲ್ಲ. ಅದು ಅವರಿಗೂ ಗೊತ್ತು, ಅದಕ್ಕೇ ನಿಮ್ಮ ಸಹಿ ಕೇಳುವುದು. ಗ್ರೌಂಡ್ ಪಕ್ಕ ಬೈಕ್ ಸೀಟಿನ ಮೇಲಿಟ್ಟು ಸಹಿ ಹಾಕಬೇಡಿ. ಮನೆಗೆ ತನ್ನಿ, ಓದಿ, ವಕೀಲರಿಗೆ ತೋರಿಸಿ.

ಒಂದು ದೂರದ ಲೆಕ್ಕವೂ ಇದೆ. ಫಿಫಾ ನಿಯಮದ ಪ್ರಕಾರ ಆಟಗಾರನೊಬ್ಬ ಕರಾರಿನ ಮಧ್ಯೆ ದುಡ್ಡಿಗೆ ಬೇರೆ ದೇಶದ ಕ್ಲಬ್‌ಗೆ ವರ್ಗವಾದರೆ, ಆ ಮೊತ್ತದ ಶೇ 5ರಷ್ಟು ಅವನಿಗೆ 12ರಿಂದ 23ನೇ ವಯಸ್ಸಿನವರೆಗೆ ಕಲಿಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ಒಂದು ಕೋಟಿಯ ವರ್ಗಾವಣೆ ಆದರೆ, 12ರಿಂದ 15ರೊಳಗೆ ಒಂದು ಸೀಸನ್ ಕಲಿಸಿದ ಕ್ಲಬ್‌ಗೆ 25,000 ರೂಪಾಯಿ. ನಮ್ಮ ಏರಿಯಾ ಹುಡುಗನಿಗೆ ಅಂಥ ದಿನ ಬರುವುದು ಅಪರೂಪ, ಒಪ್ಪುತ್ತೇನೆ. ಆದರೂ ಹಳೇ ವರ್ಷಗಳ ತರಬೇತಿಯ ಪಾಲು ಯಾರಿಗೆ ಅಂತ ಒಂದು ಸಾಲು ಬರೆಸಲು ಖರ್ಚೇನಿಲ್ಲ.

ಹೆಸರು, ಬಣ್ಣದ ಮಾತು

ಇದಕ್ಕೆ ಹೆಜ್ಜೆ ನಂಬರ್ ಕೊಟ್ಟಿಲ್ಲ, ಯಾಕಂದರೆ ಇದು ಕೊನೆಗೆ ಬರಬೇಕಾದ ವಿಷಯ. ಹಾಗಂತ ಬಿಡುವಂಥದ್ದೂ ಅಲ್ಲ. ಕೋಲ್ಕತ್ತದ ಮೋಹನ್ ಬಾಗಾನ್ 1889ರ ಕ್ಲಬ್. 2020ರಲ್ಲಿ ಅದರ ಫುಟ್‌ಬಾಲ್ ವಿಭಾಗ ಅದೇ ನಗರದ ಎಟಿಕೆ ಅನ್ನುವ ಕ್ಲಬ್ ಜೊತೆ ಒಂದಾಯಿತು. ಶೇ 80 ಪಾಲು ಎಟಿಕೆ ಮಾಲೀಕರದ್ದು, ಶೇ 20 ಹಳೇ ಕ್ಲಬ್‌ನದ್ದು. ಹಸಿರು-ಮರೂನ್ ಬಣ್ಣ, ದೋಣಿಯ ಲಾಂಛನ ಉಳಿಯಿತು. ಹೆಸರಿನ ಮುಂದೆ ಮಾತ್ರ ಎಟಿಕೆ ಬಂತು. ಅಭಿಮಾನಿಗಳು ಅದನ್ನು ತೆಗೆಯಿರಿ ಅಂತ ವರ್ಷಗಟ್ಟಲೆ ಹಟ ಹಿಡಿದರು. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಎತ್ತಿದ ರಾತ್ರಿಯೇ ಮಾಲೀಕರು ಹೆಸರು ಬದಲಿಸುವುದಾಗಿ ಹೇಳಿದರು. ಗೆದ್ದ ತಂಡಕ್ಕೂ ಆ ಮೂರಕ್ಷರ ಭಾರವಾಗಿತ್ತು ಅಂದ ಹಾಗಾಯಿತು. ಲಕ್ಷಗಟ್ಟಲೆ ಅಭಿಮಾನಿಗಳಿದ್ದ ಕ್ಲಬ್‌ಗೇ ಮೂರು ವರ್ಷ ಹಿಡಿಯಿತು. ನಿಮ್ಮದು ಏರಿಯಾ ಕ್ಲಬ್. ಸಹಿ ಹಾಕಿದ ಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮಕ್ಕಳ ತಂಡಗಳಿಗೆ ಹಳೇ ಹೆಸರೇ ಇರಲಿ, ವರ್ಷಕ್ಕೊಮ್ಮೆ ನಡೆಯುವ ನಮ್ಮ ಟೂರ್ನಮೆಂಟ್ ಹಳೇ ಹೆಸರಲ್ಲೇ ನಡೆಯಲಿ ಅಂತ ಕೇಳಿ. ಇದಕ್ಕೆ ದೊಡ್ಡ ಕ್ಲಬ್‌ಗಳು ಬೇಗ ಒಪ್ಪುತ್ತವೆ, ಖರ್ಚಿಲ್ಲವಲ್ಲ.

ಹೆಜ್ಜೆ 10: ಸಭೆ

ಇಂಥ ತೀರ್ಮಾನವನ್ನು ಕಾರ್ಯಕಾರಿ ಸಮಿತಿಯ ಐದಾರು ಜನ ಟೀ ಕುಡಿಯುತ್ತಾ ಮಾಡುವಂತಿಲ್ಲ. ಸರ್ವ ಸದಸ್ಯರ ವಿಶೇಷ ಸಭೆ ಕರೆಯಬೇಕು. ಎಷ್ಟು ದಿನ ಮುಂಚೆ ನೋಟಿಸ್, ಎಷ್ಟು ಕೋರಂ, ಎಷ್ಟು ಬಹುಮತ ಅನ್ನುವುದನ್ನು ಬೈಲಾದಲ್ಲೂ ಕಾಯ್ದೆಯಲ್ಲೂ ನೋಡಿಕೊಳ್ಳಿ. ಹೋಲಿಕೆಗೆ ಹೇಳುವುದಾದರೆ, ಕರ್ನಾಟಕದ ಕಾಯ್ದೆಗೂ ಹಿಂದಿನ, ಇವತ್ತಿಗೂ ಬೇರೆ ಕೆಲವು ಕಡೆ ನಡೆಯುವ 1860ರ ಕಾಯ್ದೆ ಇದಕ್ಕೆ ಸಭೆಗೆ 10 ದಿನ ಮುಂಚೆ ಲಿಖಿತ ವರದಿ, ಐದರಲ್ಲಿ ಮೂರು ಪಾಲು ಮತ, ಒಂದು ತಿಂಗಳು ಬಿಟ್ಟು ಇನ್ನೊಂದು ಸಭೆಯಲ್ಲಿ ಮತ್ತೆ ಅಷ್ಟೇ ಮತ ಬೇಕು ಅನ್ನುತ್ತದೆ. ಆ ಒಂದು ತಿಂಗಳ ಬಿಡುವು ಎಷ್ಟು ಜಾಣತನದ್ದು ನೋಡಿ. ಮೊದಲ ಸಭೆಯ ಬಿಸಿ ಆರಿದ ಮೇಲೆ ಜನ ಬೇರೆ ಥರ ಯೋಚಿಸುತ್ತಾರೆ. ನಿಮ್ಮ ಬೈಲಾದಲ್ಲಿ ಇಲ್ಲದಿದ್ದರೂ ಎರಡು ಸಭೆ ಇಡಿ ಅಂತ ಕೇಳಬಹುದು.

ಸಭೆಗೆ ಹೋಗುವವರು ಪ್ರಶ್ನೆಗಳನ್ನು ಹಂಚಿಕೊಳ್ಳಿ. ಒಬ್ಬರು ಗ್ರೌಂಡ್, ಒಬ್ಬರು ಫೀಸು, ಒಬ್ಬರು ತಂಡದ ಲೆಕ್ಕ. ಒಬ್ಬರೇ ಎಲ್ಲ ಕೇಳಿದರೆ "ಇವರದ್ದು ಯಾವಾಗಲೂ ಇದೇ" ಅಂತ ಕೂರಿಸಿಬಿಡುತ್ತಾರೆ. ದೊಡ್ಡ ಕ್ಲಬ್‌ನವರನ್ನು ಸಭೆಗೆ ಕರೆಸಿ, ಉತ್ತರ ಅವರ ಬಾಯಿಂದಲೇ ಬರಲಿ, ನಡಾವಳಿಯಲ್ಲಿ ಅಲ್ಲೇ ಬರೆಸಿ. ಬರೆದದ್ದನ್ನು ಓದಿಸಿದ ಮೇಲೆ ಸಹಿ.

ಒಪ್ಪಂದದಲ್ಲಿ "ಪ್ರಯತ್ನಿಸಲಾಗುವುದು", "ಸಾಧ್ಯವಾದಷ್ಟು" ಅನ್ನುವ ಪದಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಒಂದು ಸಂಖ್ಯೆಯೋ ತಾರೀಖೋ ಹಾಕಿಸಿ. ಮಾತು ತಪ್ಪಿದರೆ ಏನು ಅನ್ನುವುದೂ ಇರಬೇಕು. ಮೊದಲ ಎರಡು ವರ್ಷದಲ್ಲಿ ಷರತ್ತು ಮುರಿದರೆ ಗ್ರೌಂಡ್, ಹೆಸರು, ಉಳಿದ ಠೇವಣಿ ವಾಪಸ್ ಅನ್ನುವ ಸಾಲು ಬೇಕೇ ಬೇಕು. ಇದು ಇರಬೇಕೆಂದರೆ ಹಳೇ ಸಂಘವನ್ನು ಆ ಎರಡು ವರ್ಷ ಮುಚ್ಚಬಾರದು. ಸಂಘ ಉಳಿಸಿಕೊಂಡು, ಒಡಂಬಡಿಕೆಯಲ್ಲಿ ನಡೆದು, ಸರಿ ಅನ್ನಿಸಿದರೆ ಆಮೇಲೆ ಪೂರ್ತಿ ಒಂದಾಗುವುದು. ನನ್ನನ್ನು ಕೇಳಿದರೆ ಸಣ್ಣ ಕ್ಲಬ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದೊಡ್ಡ ಕ್ಲಬ್ ಇದಕ್ಕೂ ಒಪ್ಪದಿದ್ದರೆ, ಅವರಿಗೆ ಬೇಕಾಗಿರುವುದು ಮಕ್ಕಳಲ್ಲ ಅಂತ ಅಲ್ಲೇ ಗೊತ್ತಾಯಿತು.

ಹೆಜ್ಜೆ 11: ನಿಯಮ ಮೀರಿ ಮಾಡಿದರೆ

ನೋಟಿಸ್ ಇಲ್ಲ, ಸಭೆ ಇಲ್ಲ, ಆದರೂ ಬೋರ್ಡ್ ಬದಲಾಗಿದೆ ಅಂದರೆ ಮೊದಲು ಕಾರ್ಯದರ್ಶಿಗೆ ಲಿಖಿತ ಆಕ್ಷೇಪ ಕೊಡಿ. ಒಂದು ಪ್ರತಿಯ ಮೇಲೆ ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ನೋಂದಣಾಧಿಕಾರಿ. 1960ರ ಕಾಯ್ದೆಯ 25ನೇ ಕಲಂ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದರಷ್ಟು ಜನ ಅರ್ಜಿ ಕೊಟ್ಟರೆ ಸಂಘದ ಆಡಳಿತ, ಹಣಕಾಸಿನ ಬಗ್ಗೆ ವಿಚಾರಣೆ ನಡೆಸಬೇಕು. ಅಧಿಕಾರಿ ತಾನಾಗಿಯೂ ನಡೆಸಬಹುದು. ಮೂರನೇ ಹೆಜ್ಜೆಯಲ್ಲಿ ಸದಸ್ಯರ ಪಟ್ಟಿ ತೆಗೆಸಿ ಅಂದದ್ದು ಇದಕ್ಕೂ ಬೇಕು. ಕ್ಲಬ್ ಇರುವ ಲೀಗ್‌ನ ಜಿಲ್ಲಾ ಅಥವಾ ರಾಜ್ಯ ಸಂಸ್ಥೆಗೂ ಒಂದು ಪ್ರತಿ ಕಳಿಸಿ. ತಕರಾರು ಇದೆ ಅಂತ ಗೊತ್ತಾದರೆ ಹೆಸರು ಬದಲಾವಣೆ, ನೋಂದಣಿ ವರ್ಗಾವಣೆಯನ್ನು ಅವರು ಕಣ್ಣುಮುಚ್ಚಿ ಮಾಡುವುದಿಲ್ಲ.

ಮಗುವನ್ನು ಈ ಜಗಳದಲ್ಲಿ ನಡುವೆ ನಿಲ್ಲಿಸಬೇಡಿ. ದೊಡ್ಡವರು ತೀರ್ಮಾನ ಮಾಡುವ ತನಕ ಪ್ರಾಕ್ಟೀಸ್ ನಡೆಯುತ್ತಿರಲಿ. ಶಾಲೆಯ ಟೂರ್ನಮೆಂಟ್, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ಕ್ಲಬ್‌ನ ಜಗಳಕ್ಕೆ ಸಂಬಂಧಪಟ್ಟವಲ್ಲ, ಅಲ್ಲಿ ಆಡಿಸಿ. ಬಿಡಲೇಬೇಕು ಅನ್ನಿಸಿದರೆ ವರ್ಗಾವಣೆ ಅವಧಿ ನೋಡಿಕೊಂಡು, ಎನ್‌ಒಸಿ, ಜನನ ಪ್ರಮಾಣಪತ್ರದ ನಕಲು, ಆಡಿದ ಟೂರ್ನಮೆಂಟ್‌ಗಳ ಸರ್ಟಿಫಿಕೇಟ್ ಮೂರನ್ನೂ ಕೈಯಲ್ಲಿ ಹಿಡಿದೇ ಹೊರಡಿ. ಕೊಟ್ಟಿದ್ದ ಆಧಾರ್ ನಕಲು, ಫೋಟೊಗಳನ್ನು ಅಳಿಸಿ ಅಂತಲೂ ಒಂದು ಇಮೇಲ್ ಹಾಕಿ.

ಒಂದಾದ ಮೇಲೆ ಮೊದಲ ಸೀಸನ್‌ನಲ್ಲಿ

ಪೋಷಕರಲ್ಲಿ ಒಬ್ಬರು ಒಂದು ಹಾಳೆ ಇಟ್ಟುಕೊಳ್ಳಿ. ಹಳೇ ಕ್ಲಬ್‌ನ ಪ್ರತಿ ಮಗುವಿನ ಹೆಸರು, ತಿಂಗಳಿಗೆ ಎಷ್ಟು ಮ್ಯಾಚ್, ಎಷ್ಟು ನಿಮಿಷ ಆಡಿತು. ಮೂರು ತಿಂಗಳಿಗೊಮ್ಮೆ ಹೊಸ ಆಡಳಿತದ ಜೊತೆ ಕೂತು ಅದನ್ನು ತೋರಿಸಿ. ಬರುವುದು ನಿಲ್ಲಿಸಿದ ಮಕ್ಕಳ ಮನೆಗೆ ಒಂದು ಫೋನ್ ಮಾಡಿ, ಯಾಕೆ ಅಂತ ಕೇಳಿ ಬರೆದುಕೊಳ್ಳಿ. "ದೂರ ಆಯ್ತು", "ಫೀಸು ಜಾಸ್ತಿ", "ಆಡಿಸಲ್ಲ ಆಂಟಿ". ಒಪ್ಪಂದ ಮುರಿದಿದ್ದಾರೆ ಅಂತ ಎರಡು ವರ್ಷದೊಳಗೆ ತೋರಿಸಬೇಕಾಗಿ ಬಂದರೆ ಈ ಹಾಳೆಯನ್ನೇ ಮುಂದಿಡಬೇಕು.